‘ಞ’ ಇರುವ ಮೂರಕ್ಷರದ ಪದ ಯಾವುದು?

ಈ ಪ್ರಶ್ನೆ ಕೇಳಿದರೆ ಹೆಚ್ಚಿನವರು ಸ್ವಲ್ಪ ಹೊತ್ತು ಯೋಚಿಸಿ, ‘ಅಂಥ ಪದ ಎಲ್ಲಿದೆ, ಆ ಅಕ್ಷರ ಬರೀ ವರ್ಣಮಾಲೆಯಲ್ಲಿ ತಾನೆ ಇರೋದು’ ಅನ್ನುತ್ತಾರೆ. ಉತ್ತರ ಅವರ ಬಾಯಲ್ಲೇ ಇರುತ್ತದೆ: ವಿಜ್ಞಾನ. ಅಜ್ಞಾನವೂ ಆಗಬಹುದು, ಪ್ರತಿಜ್ಞೆಯೂ ಆಗಬಹುದು. ‘ಜ್ಞ’ ಅಂದರೆ ಜಕಾರಕ್ಕೆ ಞಕಾರದ ಒತ್ತು. ಉಚ್ಚಾರ ಹೆಚ್ಚುಕಡಿಮೆ ‘ಗ್ನ’ ಆಗಿಬಿಟ್ಟಿರುವುದರಿಂದ ಕಿವಿಗೆ ಸಿಗುವುದಿಲ್ಲ. ಒತ್ತಿನ ರೂಪ ಬೇರೆಯಾದ್ದರಿಂದ ಕಣ್ಣಿಗೂ ಬೀಳುವುದಿಲ್ಲ.

ಪದಬಂಧ ಕಟ್ಟುವವರು ದಿನವಿಡೀ ಮಾಡುವುದು ಇದೇ ಹುಡುಕಾಟ. ಇಷ್ಟು ಮನೆ ಇವೆ, ಇಂಥ ಮನೆಯಲ್ಲಿ ಇಂಥ ಅಕ್ಷರ ಕೂತಾಗಿದೆ, ಉಳಿದದ್ದು ತುಂಬಬೇಕು. ಬಿಡಿಸುವವರ ಕೆಲಸವೂ ಅದೇ. ಹುಡುಕಲು ಶುರು ಮಾಡುವ ಮುಂಚೆ ಎರಡು ಮಾತು ಇತ್ಯರ್ಥವಾಗಬೇಕು. ಒಂದು ಅಕ್ಷರ ಅಂದರೆ ಎಷ್ಟು? ಒಂದು ಪದದಲ್ಲಿ ಇಂಥ ಅಕ್ಷರ ‘ಇದೆ’ ಅಂದರೆ ಏನರ್ಥ? ನನ್ನ ಅನುಭವದಲ್ಲಿ ಮುಕ್ಕಾಲು ತೊಂದರೆ ಇಲ್ಲೇ ಹುಟ್ಟುತ್ತದೆ.

ಮೊದಲನೆಯದನ್ನು ನಮ್ಮ ಕವಿಗಳು ಸಾವಿರ ವರ್ಷದ ಹಿಂದೆಯೇ ಬಗೆಹರಿಸಿದ್ದಾರೆ. ಶಾರ್ದೂಲವಿಕ್ರೀಡಿತದ ಒಂದು ಪಾದಕ್ಕೆ 19 ಅಕ್ಷರ, ಚಂಪಕಮಾಲೆಗೆ 21. ಆ ಲೆಕ್ಕದಲ್ಲಿ ‘ಸ್ತ್ರೀ’ ಒಂದೇ ಅಕ್ಷರ, ‘ರಾಷ್ಟ್ರ’ ಎರಡು. ನಮ್ಮ ಬಾಯಿಯೂ ಹಾಗೇ ಎಣಿಸುತ್ತದೆ, ಮಕ್ಕಳಿಗೆ ಹೇಳಿಕೊಡಬೇಕಾದ್ದೇ ಇಲ್ಲ.

ಕಂಪ್ಯೂಟರ್‌ಗೆ ಮಾತ್ರ ಹೇಳಿಕೊಡಬೇಕು. ಯೂನಿಕೋಡ್‌ನಲ್ಲಿ ‘ಸ್ತ್ರೀ’ ಅಂದರೆ ಸ, ವಿರಾಮ (ವ್ಯಂಜನದೊಳಗಿನ ಅಕಾರ ಕಳೆಯುವ ಚಿಹ್ನೆ), ತ, ವಿರಾಮ, ರ, ದೀರ್ಘ ಈಕಾರದ ಚಿಹ್ನೆ. ಒಟ್ಟು 6 ಸಂಕೇತ. ‘ರಾಷ್ಟ್ರ’ಕ್ಕೆ 7. ಪದಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದ ಹೊಸದರಲ್ಲಿ ನಾನು ‘ನಾಲ್ಕಕ್ಷರದ ಪದ ಕೊಡು’ ಅಂದೆ. ಹಗರಣ ಬಂತು, ಸರಿ. ಅದರ ಜೊತೆಗೆ ಕೆಲಸ, ಪಕ್ಷ, ಕಾಲು ಎಲ್ಲ ಸಾಲಾಗಿ ಬಂದವು. ಮಳೆಗಾಲ ಬರಲೇ ಇಲ್ಲ, ಯಾಕೆಂದರೆ ಅದರಲ್ಲಿ ಆರು ಸಂಕೇತ ಇವೆ. ಪಟ್ಟಿಯಲ್ಲಿ ಇದ್ದ ಪದವೇ ಕಣ್ಮರೆ! ಆಮೇಲೆ ನಿಯಮ ಬರೆದೆ: ವ್ಯಂಜನ, ಅದಕ್ಕೆ ವಿರಾಮದಿಂದ ಅಂಟಿದ ಒತ್ತು ಎಷ್ಟಿದ್ದರೂ ಅಷ್ಟು, ಮೇಲೆ ಸ್ವರಚಿಹ್ನೆ ಇದ್ದರೆ ಅದು, ಕೊನೆಗೆ ಅನುಸ್ವಾರ ಅಥವಾ ವಿಸರ್ಗ ಇದ್ದರೆ ಅದೂ ಸೇರಿ ಒಂದು ಮನೆ. ಹಾಗಾಗಿ ‘ಸಂಬಂಧ’ಕ್ಕೆ ಮೂರೇ ಮನೆ: ಸಂ, ಬಂ, ಧ.

ಇಷ್ಟಾದರೂ ಕೆಲವು ಪದ ತಪ್ಪಿಸಿಕೊಳ್ಳುತ್ತವೆ. ‘ಕೋ’ ಎಂಬುದನ್ನು ಎರಡು ಸಂಕೇತದಲ್ಲೂ ಬರೆಯಬಹುದು, ಚಿಹ್ನೆಯನ್ನು ಬಿಡಿಸಿ ನಾಲ್ಕರಲ್ಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹುಡುಕಿದರೆ ಒಂದು ಸಿಕ್ಕಿದಾಗ ಇನ್ನೊಂದು ಸಿಗುವುದಿಲ್ಲ. ‘ರ‍್ಯಾಂಕ್’ ಬರೆಯುವಾಗ ನಡುವೆ ಕಾಣದ ಸಂಕೇತವೊಂದು ಕೂರುತ್ತದೆ. ಪಟ್ಟಿ ಕೈಗೆ ಬಂದ ಕೂಡಲೇ ಇವನ್ನೆಲ್ಲ ಒಂದೇ ರೂಪಕ್ಕೆ ತಂದುಕೊಳ್ಳುವುದು ಒಳ್ಳೆಯದು.

‘ಬಸ್’ ಎಷ್ಟು ಅಕ್ಷರ? ಛಂದಸ್ಸಿನವರನ್ನು ಕೇಳಿದರೆ ಒಂದು, ಅದೂ ಗುರು. ಪದಬಂಧದಲ್ಲಿ ನಾನು ಎರಡು ಮನೆ ಕೊಡುತ್ತೇನೆ. ‘ಸ್’ ಇರುವ ಮನೆಯಲ್ಲಿ ಮತ್ತೊಂದು ಪದ ಅಡ್ಡ ಬರುವಂತೆ ಮಾಡುವುದು ಕಷ್ಟ, ಅದಕ್ಕೇ ಸಾಧ್ಯವಾದಷ್ಟು ‘ಬಸ್ಸು’ ಅಂತಲೇ ತರುತ್ತೇನೆ. ಕನ್ನಡದ ಪದ ಸ್ವರದಲ್ಲಿ ಮುಗಿಯಲು ಬಯಸುತ್ತದೆ, ನಾವು ಅದರ ಜೊತೆ ಜಗಳಕ್ಕೆ ಇಳಿಯಬಾರದು.

ಇನ್ನು ‘ಇದೆ’ ಅನ್ನುವ ಮಾತು. ‘ರ ಇರುವ ಪದ’ ಅಂದರೆ ಬರೀ ‘ರ’ ಇರಬೇಕೋ, ರಿ, ರು, ರೆ ಕೂಡ ಆಗುತ್ತದೋ? ‘ಪ್ರ’ದ ಕೆಳಗಿನ ಒತ್ತು ಲೆಕ್ಕಕ್ಕೆ ಬರುತ್ತದೋ? ‘ಧರ್ಮ’ದಲ್ಲಿ ಬಾಯಿಗೆ ರ ಮೊದಲು, ಮ ಆಮೇಲೆ. ಬರೆಯುವಾಗ ಮಕಾರ ಮೊದಲು, ಅರ್ಕಾವತ್ತು ಆಮೇಲೆ. ಶಾಲೆಯಲ್ಲಿ ‘ವರ್ಣ ಬಿಡಿಸಿ ಬರೆಯಿರಿ’ ಅಂತ ಕೊಡುತ್ತಿದ್ದರಲ್ಲ, ಅದು ಇಲ್ಲಿ ಕೈಹಿಡಿಯುತ್ತದೆ. ನನ್ನ ಪಟ್ಟಿಯಲ್ಲಿ ಪ್ರತಿ ಪದದ ಪಕ್ಕ ಎರಡು ಕಲಂ ಇವೆ. ಒಂದರಲ್ಲಿ ಮನೆಗಳ ಲೆಕ್ಕ, ಇನ್ನೊಂದರಲ್ಲಿ ಸ್ವರ ತೆಗೆದ ಬರೀ ವ್ಯಂಜನ. ಮ-ರ-ಳ ಅಂತ ಹುಡುಕಿದರೆ ಮರಳು, ಮರಳಿ, ಮರುಳು ಮೂರೂ ಒಟ್ಟಿಗೆ ಎದ್ದು ಬರುತ್ತವೆ. ಸುಳಿವಿನಲ್ಲಿ ಶ್ಲೇಷೆ ಮಾಡಬೇಕಾದಾಗ ಇದು ತುಂಬಾ ಉಪಯೋಗ.

ಇಂಗ್ಲಿಷಿನಲ್ಲಿ ಒಂದು ಮನೆಗೆ ಬರಬಹುದಾದದ್ದು 26 ಅಕ್ಷರ. ನಮ್ಮಲ್ಲಿ 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೇ 442, ಒತ್ತಕ್ಷರ, ಅನುಸ್ವಾರ ಬೇರೆ. ಹಾಗಾಗಿ ಕನ್ನಡದಲ್ಲಿ ತುಂಬಿದ ಒಂದು ಮನೆ ಬಹಳ ಹೇಳುತ್ತದೆ. ಕಟ್ಟುವವರಿಗೆ ಅದೇ ಕಷ್ಟ, ಬಿಡಿಸುವವರಿಗೆ ಅದೇ ಭಾಗ್ಯ. ನಾಲ್ಕು ಮನೆ, ಎರಡನೆಯದು ‘ಳೆ’, ಮೂರನೆಯದು ‘ಗಾ’ ಅಂದರೆ ಸುಳಿವು ಓದದೆಯೂ ಮಳೆಗಾಲ, ಇಲ್ಲವೇ ಬಳೆಗಾರ ಎನ್ನಬಹುದು, ಅಲ್ವಾ?

ಎಲ್ಲ ಮನೆಯೂ ಇಷ್ಟು ಉದಾರವಲ್ಲ. ಮೂರನೆಯದು ‘ಗಾ’ ಅಂತ ಮಾತ್ರ ಗೊತ್ತಿದ್ದರೆ ಮನಸ್ಸು ಮೊದಲು ಬಾಲ ಹುಡುಕಬೇಕು: ‘ಗಾಲ’ವೋ ‘ಗಾರ’ವೋ? ಗಾಲವಾದರೆ ಚಳಿಗಾಲ, ಬರಗಾಲ. ಗಾರವಾದರೆ ಹಾಡುಗಾರ, ಮಾತುಗಾರ, ಸಾಲಗಾರ, ಬೇಟೆಗಾರ. ‘ತನ’ ಕೂಡ ಇಂಥದ್ದೇ: ಬಡತನ, ಗೆಳೆತನ, ಒಡೆತನ, ಸಣ್ಣತನ, ಎಲ್ಲಕ್ಕೂ ನಾಲ್ಕೇ ಮನೆ. ನಿಘಂಟನ್ನು ಮೊದಲಿನಿಂದ ತಿರುವುವುದಕ್ಕಿಂತ ಈ ಪ್ರತ್ಯಯಗಳನ್ನು ಹಿಡಿದರೆ ಬೇಗ ದಾರಿ ಸಿಗುತ್ತದೆ.

ನಿಘಂಟಿಗೆ ಇನ್ನೊಂದು ಮಿತಿ ಇದೆ. ಕಿಟೆಲ್ 1894ರಲ್ಲಿ ಪ್ರಕಟಿಸಿದ ಕೋಶದಲ್ಲಿ ಸುಮಾರು 70,000 ಪದಗಳಿವೆ. ಅದರಲ್ಲಿ ‘ಮನೆ’ ಸಿಗುತ್ತದೆ, ‘ಮನೆಯಿಂದ’ ಸಿಗುವುದಿಲ್ಲ. ವಿಭಕ್ತಿ ಹಚ್ಚಿದ ರೂಪವನ್ನು ಉತ್ತರವಾಗಿ ಇಡುವುದು ನನಗೆ ಇಷ್ಟವಿಲ್ಲ, ಅದು ಮನೆ ತುಂಬಿಸುವ ಸುಲಭೋಪಾಯ.

ಹುಡುಕುವಾಗ ಅಪರೂಪದ ಅಕ್ಷರದಿಂದ ಶುರು ಮಾಡಿ. ಠ, ಘ, ಝ ಇದ್ದರೆ ಸಾಧ್ಯತೆ ಕೂಡಲೇ ಬೆರಳೆಣಿಕೆಗೆ ಇಳಿಯುತ್ತದೆ. ಳ ಇದ್ದರೆ ಮೊದಲ ಮನೆಯನ್ನು ಬಿಟ್ಟು ನೋಡಿ, ಅದರಿಂದ ಪದ ಶುರುವಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಕೊನೆಯ ಮನೆಯ ‘ರ’, ‘ಲು’ಗಳನ್ನು ಜಾಸ್ತಿ ನಂಬಬೇಡಿ. ಅಲ್ಲಿಗೆ ನೂರಾರು ಪದ ಬಂದು ಸೇರುತ್ತವೆ.

ಮೊನ್ನೆ ಕಟ್ಟುತ್ತಿದ್ದ ಪದಬಂಧದಲ್ಲಿ ಒಂದು ಸಾಲು ಹೀಗೆ ಉಳಿಯಿತು: ಖಾಲಿ, ಟ, ಗಾ, ರ. ಆಟಗಾರ ಅಂತ ಬರೆದು ಮುಂದೆ ಹೋದೆ. ತಿರುಗಿ ನೋಡಿದರೆ ಆ ಮೊದಲ ಮನೆಗೆ ಮೇಲಿನಿಂದ ಯಾವ ಪದವೂ ಇಳಿದಿರಲಿಲ್ಲ. ಓಟಗಾರ, ತೋಟಗಾರ, ಮಾಟಗಾರ, ಎಲ್ಲ ಕೂರುತ್ತವೆ. ‘ಮೈದಾನದಲ್ಲಿ ಕಾಣುವವನು’ ಎಂಬ ನನ್ನ ಸುಳಿವು ಓಟಗಾರನಿಗೂ ಒಪ್ಪುತ್ತದೆ. ಬಿಡಿಸುವವರು ಮೂರು ಮನೆ ಸರಿಯಾಗಿ ತುಂಬಿ, ನಾಲ್ಕನೆಯದರಲ್ಲಿ ತಮ್ಮದಲ್ಲದ ತಪ್ಪಿಗೆ ಸೋಲುತ್ತಿದ್ದರು. ಆ ಮೂಲೆಯನ್ನು ಪೂರ್ತಿ ಅಳಿಸಿ, ‘ಆಸರೆ’ಯನ್ನು ಆ ಮನೆಯಿಂದಲೇ ಕೆಳಗೆ ಇಳಿಸಿದೆ.