ಮೈ ಒರೆಸುವಾಗ ಮರ್ಯಾದೆ: ನನ್ನ ಟಿಪ್ಪಣಿ

ಆರೈಕೆ ಕೆಲಸ ಕಲಿಯುತ್ತಿರುವ ನಿಮಗೂ, ಏಳಲಾಗದವರಿಗೆ ಮಲಗಿದಲ್ಲೇ ಮೈ ಒರೆಸುವ ಕ್ರಮ ಬಾಯಿಪಾಠ ಆಗಿರುತ್ತದೆ. ಮೊದಲು ಕಣ್ಣು, ಮೂಗಿನ ಕಡೆಯಿಂದ ಹೊರಕ್ಕೆ. ಆಮೇಲೆ ಮುಖ, ಕೈ, ಎದೆ, ಹೊಟ್ಟೆ, ಕಾಲು, ಬೆನ್ನು. ಗುಪ್ತಾಂಗ ಕೊನೆಗೆ, ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ. ಪರೀಕ್ಷೆಗೆ ಇಷ್ಟು ಸಾಕು.

ವೃದ್ಧಾಶ್ರಮದಲ್ಲಿ ಮೊದಲ ವಾರ ನಾನೂ ಇದನ್ನೇ ಮಾಡಿದೆ. ಲಕ್ವ ಹೊಡೆದು ಮಾತು ನಿಂತಿದ್ದ ಒಬ್ಬ ಅಜ್ಜಿ. ನಾನು ಹೊದಿಕೆಯನ್ನು ಒಂದೇ ಸಲ ಸರಿಸಿದೆ. ಅವರು ಸರಿಯಿದ್ದ ಎಡಗೈಯಲ್ಲಿ ಅದರ ಅಂಚನ್ನು ಹಿಡಿದುಕೊಂಡರು. ಗೆಣ್ಣು ಬೆಳ್ಳಗಾಗುವಷ್ಟು ಬಿಗಿ. ‘ಸಹಕರಿಸಲಿಲ್ಲ’ ಅಂತ ರಿಜಿಸ್ಟರ್‌ನಲ್ಲಿ ಬರೆದೆ. ಸಿಸ್ಟರ್ ಅದನ್ನು ಹೊಡೆದುಹಾಕಿದರು. ‘ಅವರು ಏನು ಮಾಡಿದರೋ ಅದನ್ನು ಬರಿ’ ಅಂದರು.

ಮರುದಿನ ಬಾಗಿಲು ತಟ್ಟಿ ಒಳಗೆ ಹೋದೆ, ಪರದೆ ಎಳೆದೆ. ‘ಅಮ್ಮ, ಈಗ ಕೈ ಒರೆಸ್ಲಾ?’ ಅಂತ ಕೇಳಿ, ತಲೆ ಆಡಿಸುವ ತನಕ ಕಾದೆ. ಮೊದಲು ದೊಡ್ಡ ಟವೆಲ್ ಹೊದಿಸಿ, ಅದರ ಅಡಿಯಿಂದ ಹೊದಿಕೆ ಎಳೆದುಕೊಂಡೆ. ಒಂದು ತೋಳು ಮಾತ್ರ ಹೊರಗೆ. ಅದನ್ನು ಒರೆಸಿ, ಒಣಗಿಸಿ, ಮುಚ್ಚಿದ ಮೇಲೆ ಇನ್ನೊಂದು. ಒದ್ದೆ ಬಟ್ಟೆಯನ್ನು ಅವರ ಎಡಗೈಗೇ ಕೊಟ್ಟೆ. ಮುಖ ಅವರೇ ಒರೆಸಿಕೊಂಡರು. ಹೊತ್ತು ಸ್ವಲ್ಪ ಜಾಸ್ತಿ ಹಿಡಿಯಿತು, ಅಷ್ಟೇ.

ಬಟ್ಟೆಯದು: ಬಿಚ್ಚುವಾಗ ಬಲ ಇರುವ ಕೈಯಿಂದ ಶುರು, ತೊಡಿಸುವಾಗ ಸೋತ ಕೈ ಮೊದಲು. ಆಗ ಎಳೆದಾಟ ಇಲ್ಲ, ಬರಿಮೈಯಲ್ಲಿ ಇರುವ ಹೊತ್ತೂ ಕಡಿಮೆ. ನೀರು ಸುಮಾರು 40 ಡಿಗ್ರಿ ಸೆಲ್ಸಿಯಸ್. ಆರಿದರೆ ಬದಲಿಸಿ, ವಯಸ್ಸಾದವರಿಗೆ ಬೇಗ ಚಳಿ ಹತ್ತುತ್ತದೆ.

ಮಾತಿನ ವಿಷಯ ಪುಸ್ತಕದಲ್ಲಿ ಒಂದೇ ಸಾಲು, ವಾರ್ಡಿನಲ್ಲಿ ದಿನವಿಡೀ. ಎಂಬತ್ತು ದಾಟಿದವರಿಗೆ ‘ಕಾಲೆತ್ತು’ ಅನ್ನುತ್ತೇವೆ. ಅವರ ತಲೆಯ ಮೇಲೆಯೇ ‘ಇವರದ್ದು ಡೈಪರ್ ಆಯ್ತಾ?’ ಅಂತ ಕೂಗುತ್ತೇವೆ. ನಮ್ಮ ಮನೆಯ ಹಿರಿಯರ ಮುಂದೆ ಹೀಗೆ ಮಾತಾಡುತ್ತೇವಾ? ಏನಂತ ಕರೆಯಬೇಕು ಅಂತ ಅವರನ್ನೇ ಕೇಳಿ. ನಿವೃತ್ತ ಶಿಕ್ಷಕಿಯೊಬ್ಬರಿಗೆ ‘ಅಜ್ಜಿ’ ಬೇಡ, ‘ಟೀಚರ್’ ಬೇಕಿತ್ತು. ತಾಳಿ, ಬಳೆ, ಜನಿವಾರಕ್ಕೂ ಕೇಳದೆ ಕೈ ಹಾಕಬೇಡಿ. ಹೆಂಗಸರೇ ಬರಲಿ ಅಂದರೆ ಹೆಂಗಸರನ್ನೇ ಕಳಿಸಬೇಕು.

ಕೇರ್ ಹೋಮ್ ಕೆಲಸಕ್ಕೆ ಇಂಗ್ಲೆಂಡಿಗೆ ಹೋಗುವವರು ಗಮನಿಸಿ: ಆರೋಗ್ಯ, ಆರೈಕೆ ಸೇವೆಗಳಿಗೆ ಅಲ್ಲಿರುವ 2014ರ ಸರ್ಕಾರಿ ನಿಯಮಾವಳಿಯ 10ನೇ ನಿಯಮ ಘನತೆ, ಗೌರವದ ಬಗ್ಗೆಯೇ ಇದೆ. ಖಾಸಗಿತನ ಕಾಯುವುದು ಅದರಲ್ಲೇ ಸೇರಿದೆ.

ಅವರು ಬೇಡ ಅಂದರೆ? ನಿಲ್ಲಿಸಿ. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ. ಒಪ್ಪಿದರೆ ಅವತ್ತಿಗೆ ಮುಖ, ಕೈ, ಕಂಕುಳು, ತೊಡೆಸಂದು ಒರೆಸಿದರೂ ನಡೆಯುತ್ತದೆ. ರಿಜಿಸ್ಟರ್‌ನಲ್ಲಿ ‘ಹಟ’ ಅಂತ ಬರೆಯಬೇಡಿ. ‘ಬೆಳಿಗ್ಗೆ ಬೇಡ ಅಂದರು, ಹನ್ನೊಂದಕ್ಕೆ ಒಪ್ಪಿದರು’ ಅಂತ ಬರೆಯಿರಿ.