ಖಾಲಿ ಹಡಗಿನಲ್ಲಿ ಕೈಕೊಡುವ ಪಂಪು

ಮರ್ಮಗೋವಾಕ್ಕೆ ಅದಿರು ತುಂಬಲು ಬರುವ ಹಡಗು ಸಾಮಾನ್ಯವಾಗಿ ಖಾಲಿ ಬರುತ್ತದೆ. ತೂಕಕ್ಕೆಂದು ಟ್ಯಾಂಕುಗಳಲ್ಲಿ ತುಂಬಿದ ಬ್ಯಾಲಾಸ್ಟ್ ನೀರಿದ್ದರೂ ಮೂತಿ ಎತ್ತಿಕೊಂಡೇ ನಿಂತಿರುತ್ತದೆ. ಬಂದರಿಗೆ ಬಂದ ವಿದೇಶಿ ಹಡಗುಗಳನ್ನು ತಪಾಸಣೆ ಮಾಡುವ ಪೋರ್ಟ್ ಸ್ಟೇಟ್ ಕಂಟ್ರೋಲ್ ಸರ್ವೇಯರ್ ಹತ್ತುವುದು ಆಗಲೇ. 'ಎಮರ್ಜೆನ್ಸಿ ಫೈರ್ ಪಂಪ್ ಓಡಿಸಿ' ಎಂದ ಕೂಡಲೇ, ಸರಕು ತುಂಬಿದ್ದಾಗ ಬೆಂಕಿ ನಂದಿಸಲು ಸಮುದ್ರದ ನೀರನ್ನು ಚೆನ್ನಾಗಿ ಎತ್ತಿದ್ದ ಈ ತುರ್ತು ಪಂಪು ಬರೀ ಗಾಳಿ ಕಕ್ಕುತ್ತದೆ.

ಪಂಪು ಕೆಟ್ಟಿರುವುದಿಲ್ಲ. ಭರ್ತಿ ಹಡಗಿನಲ್ಲಿ ಸಮುದ್ರದ ಮಟ್ಟ ಮೇಲಿರುತ್ತದೆ, ನೀರು ತಾನಾಗಿ ಪಂಪಿನತ್ತ ನುಗ್ಗುತ್ತದೆ. ಖಾಲಿಯಾದಾಗ ಅದನ್ನು ಕೆಳಗಿನಿಂದ ಹೀರಬೇಕು. ಪಂಪು ಮೂತಿಯ ಕಡೆಗಿದ್ದರೆ ಕಷ್ಟ ಇನ್ನೂ ಹೆಚ್ಚು. ಪಂಪಿನ ದಂಡದ ಸುತ್ತಲಿನ ಗ್ಲ್ಯಾಂಡ್ ಸೀಲಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ, ಗಾಳಿ ಹೊರತೆಗೆದು ನೀರೆಳೆಯುವ ಪ್ರೈಮಿಂಗ್ ಪಂಪಿನ ಬೆಲ್ಟ್ ಸಡಿಲಾಗಿದ್ದರೂ ಒಳಗೆ ಗಾಳಿಯೇ ಉಳಿಯುತ್ತದೆ. ಅದರ ಮೇಲೆ ಮುಂಬಯಿ ಬಂದರಿನ ಕೆಸರು ನೀರು ಸೋಸುವ ಸ್ಟ್ರೈನರಿಗೆ ಮೆತ್ತಿಕೊಂಡಿದ್ದರೆ ಕತೆ ಮುಗಿಯಿತು. 'ಹಡಗು ಖಾಲಿ ಇತ್ತು ಸರ್' ಅನ್ನುವುದು ಉತ್ತರವಾಗದು, ಎಲ್ಲ ಸ್ಥಿತಿಯಲ್ಲೂ ಅದು ಹೀರಲೇಬೇಕು.

ಆದ್ದರಿಂದ ವಾರದ ಪರೀಕ್ಷೆಯನ್ನು ಒಮ್ಮೆಯಾದರೂ ಬ್ಯಾಲಾಸ್ಟ್ ಡ್ರಾಫ್ಟಿನಲ್ಲಿ, ಅಂದರೆ ಹಡಗು ಖಾಲಿಯಾಗಿ ಮೇಲೆದ್ದಿರುವಾಗ ಮಾಡಿ. ಮೊದಲು ಎಂಜಿನ್ ರೂಮಿನ ಫೈರ್ ಲೈನ್ ಐಸೊಲೇಟಿಂಗ್ ವಾಲ್ವ್ ಮುಚ್ಚಬೇಕು. ಅದು ಸರಿಯಾಗಿ ಹಿಡಿಯದಿದ್ದರೆ ನೀರು ಕೆಳಗಿನ ಲೈನಿಗೆ ಸೋರಿ ಒತ್ತಡ ಬೀಳುತ್ತದೆ, ಬೈಗುಳ ಮಾತ್ರ ಪಂಪಿಗೆ. ಆಮೇಲೆ ಒಂದು ಹೋಸ್ ಮೂತಿಯಲ್ಲಿ, ಇನ್ನೊಂದು ಬ್ರಿಡ್ಜ್ ಡೆಕ್ಕಿನಲ್ಲಿ. ಎರಡರಿಂದಲೂ ಧಾರೆ ಒಟ್ಟಿಗೆ ಬರಬೇಕು. 2,000 ಗ್ರಾಸ್ ಟನ್ನಿಗಿಂತ ದೊಡ್ಡ ಸರಕು ಹಡಗಿನಲ್ಲಿ ಪಂಪಿಗೆ ಗಂಟೆಗೆ ಕನಿಷ್ಠ 25 ಘನ ಮೀಟರ್ ಸಾಮರ್ಥ್ಯ ಬೇಕು. 6,000 ಟನ್ ದಾಟಿದರೆ ಹೈಡ್ರಂಟಿನಲ್ಲಿ 2.7 ಬಾರ್ ಒತ್ತಡ. ಪಂಪ್ ಓಡಿಸುವವರು ಚೀಫ್ ಇಂಜಿನಿಯರ್ ಆಗಬೇಕಿಲ್ಲ. ನಮ್ಮ ಹಡಗುಗಳಲ್ಲಿ 'ತೀನ್ ಸಾಬ್' ಎಂದು ಕರೆಯುವ ಥರ್ಡ್ ಇಂಜಿನಿಯರೋ ಮೋಟರ್‌ಮನ್ನೋ ಓಡಿಸಲಿ. ಸರ್ವೇಯರ್ ಬೆರಳು ತೋರಿಸುವುದು ಅಂಥವರ ಕಡೆಗೇ.

ಎಮರ್ಜೆನ್ಸಿ ಜನರೇಟರಿನ ಕತೆ ಇನ್ನೂ ಸಣ್ಣದು. ಮುಖ್ಯ ವಿದ್ಯುತ್ ಹೋದ 45 ಸೆಕೆಂಡಿನೊಳಗೆ ಅದು ತಾನಾಗಿ ಹೊರೆ ಹೊರಬೇಕು. ಕಳೆದ ವಾರದ ಟೆಸ್ಟ್ ಮುಗಿಸಿ ಸೆಲೆಕ್ಟರ್ ಸ್ವಿಚ್ಚನ್ನು ಮ್ಯಾನುವಲ್‌ನಲ್ಲೇ ಬಿಟ್ಟು ಹೋಗಿದ್ದರೆ 45 ನಿಮಿಷವಾದರೂ ಹತ್ತುವುದಿಲ್ಲ. ಎರಡನೇ ಸ್ಟಾರ್ಟಿಂಗ್ ವ್ಯವಸ್ಥೆಯಿಂದ 30 ನಿಮಿಷದೊಳಗೆ ಇನ್ನೂ ಮೂರು ಸಲ ಸ್ಟಾರ್ಟ್ ಮಾಡುವಷ್ಟು ಶಕ್ತಿ ಇರಬೇಕು. ಹೈಡ್ರಾಲಿಕ್ ಕೈಪಂಪ್ ಹೊಡೆದು ತೋರಿಸಬಲ್ಲವರು ಇಬ್ಬರಾದರೂ ಇರಲಿ.

ಕಾಗದ ಪತ್ರದಲ್ಲಿ ಸಿಕ್ಕಿಬೀಳುವುದು ವಿಶ್ರಾಂತಿ ಪಟ್ಟಿ. 24 ಗಂಟೆಯಲ್ಲಿ 10, ಏಳು ದಿನದಲ್ಲಿ 77 ಗಂಟೆ ಎಂದು ಸಾಲುಗಳು ಅಚ್ಚುಕಟ್ಟಾಗಿರುತ್ತವೆ. ಆದರೆ ಬೆಳಗಿನ ಜಾವ ಎರಡರಿಂದ ಐದರವರೆಗೆ ಬಂಕರಿಂಗ್ (ಹಡಗಿಗೆ ಇಂಧನ ತುಂಬುವ ಕೆಲಸ) ಮಾಡಿಸಿದವರ ಸಹಿ ಆಯಿಲ್ ರೆಕಾರ್ಡ್ ಬುಕ್ಕಿನಲ್ಲಿ ಇದ್ದು, ಅದೇ ಹೊತ್ತಿಗೆ ಅವರು ಪಟ್ಟಿಯಲ್ಲಿ ನಿದ್ದೆ ಮಾಡುತ್ತಿದ್ದರೆ? ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ನೋಡುವುದು ಐದು ನಿಮಿಷದ ಕೆಲಸ.

ಸರ್ವೇಯರ್ ವರದಿಯಲ್ಲಿ ದೋಷದ ಮುಂದೆ 17 ಎಂಬ ಕೋಡ್ ಬರೆದರೆ ಹೊರಡುವ ಮುನ್ನ ಸರಿಪಡಿಸಬೇಕು. 30 ಬರೆದರೆ ಹಡಗು ಡಿಟೇನ್, ಅಂದರೆ ಬಂದರಿನಲ್ಲೇ ತಡೆ. ಹಡಗು ತಪಾಸಣೆಗೆಂದು ಹಿಂದೂ ಮಹಾಸಾಗರ ದೇಶಗಳು ಮಾಡಿಕೊಂಡ 1998ರ ಒಪ್ಪಂದದ ಕಚೇರಿ ಗೋವಾದಲ್ಲೇ ಇದೆ. ದಾಖಲೆ ಇತರ ದೇಶಗಳ ಬಂದರುಗಳಿಗೂ ಕಾಣುತ್ತದೆ, ಮುಂದಿನ ತಪಾಸಣೆ ಬೇಗ ಬರುತ್ತದೆ.

ಮಾಸ್ಟರ್‌ಗಳು, ಅಂದರೆ ಹಡಗಿನ ಕ್ಯಾಪ್ಟನ್‌ಗಳು, ದೋಷ ಮುಚ್ಚಿಡುವುದು ನನಗೆ ಅರ್ಥವೇ ಆಗದ ಹಟ. ಬರುವ ದಾರಿಯಲ್ಲಿ ಆಕಸ್ಮಿಕವಾಗಿ ಏನಾದರೂ ಕೆಟ್ಟಿದ್ದರೆ, ಬಂದರು ಪ್ರವೇಶಿಸುವ ಮುನ್ನವೇ ಪೋರ್ಟ್ ಸ್ಟೇಟ್ ಕಂಟ್ರೋಲ್ ಆಡಳಿತಕ್ಕೆ ತಿಳಿಸಿ, ಹಡಗು ನೋಂದಾಯಿಸಿದ ಧ್ವಜ ದೇಶಕ್ಕೂ ಪ್ರಮಾಣಪತ್ರ ಕೊಡುವ ಕ್ಲಾಸ್ ಸಂಸ್ಥೆಗೂ ಹೇಳಿ, ದುರಸ್ತಿಗೆ ಏರ್ಪಾಟು ಮಾಡಿದ್ದರೆ ಅದಕ್ಕಾಗಿ ಡಿಟೆನ್ಷನ್ ಹಾಕಬಾರದೆಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ (ಐಎಂಒ) ಕಾರ್ಯವಿಧಾನವೇ ಹೇಳುತ್ತದೆ. ಏನು ಕೆಟ್ಟಿತು, ಯಾವಾಗ, ಬದಲಿ ವ್ಯವಸ್ಥೆ ಏನು, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬ ನಾಲ್ಕು ಸಾಲಿನ ಇಮೇಲ್ ಸಾಕು. ಸರ್ವೇಯರ್ ಗ್ಯಾಂಗ್‌ವೇ ಹತ್ತಿದ ಮೇಲೆ ಕಳುಹಿಸಿದ ಇಮೇಲಿನಲ್ಲೂ ಗಂಟೆ ನಮೂದಾಗಿರುತ್ತದೆ.