ಪೇಢಾ ಕಂದಾಗುವ ಹೊತ್ತು

ಮೂಲ ಸ್ಥಿತಿಗೆ ಮರಳಿಸಬಹುದಾದದ್ದು ಭೌತ ಬದಲಾವಣೆ, ಮರಳಿಸಲಾಗದ್ದು ರಾಸಾಯನಿಕ ಬದಲಾವಣೆ ಎಂದು ಶಾಲೆಯಲ್ಲಿ ಉರುಹೊಡೆದವರೇ ನಮ್ಮಲ್ಲಿ ಹೆಚ್ಚು. ಆದರೆ ಗಿರಣಿಯಲ್ಲಿ ಹಿಟ್ಟಾದ ಜೋಳವನ್ನು ಮತ್ತೆ ಕಾಳಾಗಿಸಿದವರು ಯಾರೂ ಇಲ್ಲ; ಹಾಗೆಂದು ಬೀಸುವುದು ರಾಸಾಯನಿಕ ಕ್ರಿಯೆಯಾಗುವುದಿಲ್ಲ. ಕೇಳಬೇಕಾದದ್ದು ಹೊಸ ವಸ್ತು ಹುಟ್ಟಿತೇ ಎಂಬುದನ್ನು. ಇದನ್ನು ತಿಳಿಯಲು ಧಾರವಾಡದ ಪೇಢಾ ಬೇಯುವ ಕಡಾಯಿಗಿಂತ ಒಳ್ಳೆಯ ಪ್ರಯೋಗಶಾಲೆಯನ್ನು ನಾನು ಕಂಡಿಲ್ಲ.

ಎಮ್ಮೆಯ ಹಾಲಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಇರುವುದು ನೀರು. ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವ ಧಾರವಾಡದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ, ಸುಮಾರು 98ರ ಆಸುಪಾಸಿನಲ್ಲಿ ಕುದಿಯುತ್ತದೆ. ಹಾಲಿನಲ್ಲಿ ನೀರು ಸಾಕಷ್ಟು ಉಳಿದಿರುವವರೆಗೆ ಉರಿಯನ್ನು ಎಷ್ಟೇ ಜೋರು ಮಾಡಿದರೂ ಶಾಖವೆಲ್ಲ ಆವಿಯಾಗಿಸುವುದಕ್ಕೇ ವೆಚ್ಚವಾಗಿ, ತಾಪ ಆ ಮಟ್ಟದಿಂದ ಹೆಚ್ಚೇನೂ ಏರುವುದಿಲ್ಲ. ಹಾಲು ಗಟ್ಟಿಯಾಗಿ ಬಿಳಿಯ ಖೋವಾ ಆಗುವವರೆಗೆ ನಡೆಯುವುದು ಬಹುಮಟ್ಟಿಗೆ ಭೌತ ಬದಲಾವಣೆಯೇ.

ಅಲ್ಲಿಗೆ ನಿಲ್ಲಿಸಿದರೆ ಅದು ಧಾರವಾಡ ಪೇಢಾ ಅಲ್ಲ. ನೀರು ತೀರಾ ಕಡಿಮೆಯಾದ ಖೋವಾವನ್ನು ಹುರಿಯುತ್ತ ಹೋದಂತೆ ತಾಪ ಏರುತ್ತದೆ; ಹಾಲಿನದೇ ಸಕ್ಕರೆಯಾದ ಲ್ಯಾಕ್ಟೋಸ್, ಹಾಲಿನ ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಮೈನೊ ಆಮ್ಲದೊಡನೆ ಕೂಡಿ, ಒಂದು ಕ್ರಿಯೆಯ ಬೆನ್ನಿಗೆ ಇನ್ನೊಂದು ನಡೆದು, ಹಾಲಿನಲ್ಲಿ ಇಲ್ಲದಿದ್ದ ನೂರಾರು ಸಂಯುಕ್ತಗಳು ಹುಟ್ಟುತ್ತವೆ. ಅವುಗಳಲ್ಲಿ ಹಗುರವಾದವು ಹಾರಿ ಘಮಘಮಿಸುತ್ತವೆ, ಮೆಲನಾಯ್ಡಿನ್ ಎಂಬ ದೊಡ್ಡ ಅಣುಗಳು ಉಳಿದು ಕಂದು ಬಣ್ಣ ಕೊಡುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ ಅವರ ಹೆಸರಿನಿಂದಲೇ ಇದು ಮಯಾರ್ ಕ್ರಿಯೆ ಎನಿಸಿಕೊಂಡಿದೆ. ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬುವುದು ಬರಿಯ ಆವಿಯಿಂದ. ಅದರ ಮೈಮೇಲೆ ಏಳುವ ಕಂದು ಚುಕ್ಕೆಗಳಲ್ಲಿ ಮಾತ್ರ ಈ ಕ್ರಿಯೆಯ ಕೈವಾಡವಿದೆ.

ಸಕ್ಕರೆ ಸುಟ್ಟು ಪೇಢಾಕ್ಕೆ ಬಣ್ಣ ಬರುತ್ತದೆ ಎಂಬ ನಂಬಿಕೆಯೂ ಇದೆ. ಮೇಲಿನಿಂದ ಹಾಕುವ ಕಬ್ಬಿನ ಸಕ್ಕರೆ ಒಡೆಯದೆ ಇರುವಾಗ ಮಯಾರ್ ಕ್ರಿಯೆಯಲ್ಲಿ ಪಾಲ್ಗೊಳ್ಳುವುದಿಲ್ಲ, ತಾನೇ ಕ್ಯಾರಮೆಲ್ ಆಗಬೇಕಾದರೆ ಸುಮಾರು 160 ಡಿಗ್ರಿ ಬೇಕು. ಗಟ್ಟಿ ಖೋವಾದಲ್ಲಿ ಶಾಖ ಸುಲಭವಾಗಿ ಹರಡದ ಕಾರಣ, ಕೈ ಬಿಡದೆ ತಿರುವದಿದ್ದರೆ ತಳ ಸೀದು ಮೇಲುಭಾಗ ಬೆಳ್ಳಗೇ ಉಳಿಯುತ್ತದೆ. ಪೇಢಾ ಮಾಡುವವರ ತೋಳಿನ ಶಕ್ತಿ ಬೇಕಾಗುವುದು ಇಲ್ಲಿಯೇ.

ಕೊನೆಗೆ ಪುಡಿಸಕ್ಕರೆಯಲ್ಲಿ ಹೊರಳಿಸುವುದು ಮತ್ತೆ ಭೌತ ಬದಲಾವಣೆ. ಒದ್ದೆ ಬೆರಳಿನಿಂದ ಒರೆಸಿದರೆ ಆ ಬಿಳುಪು ಹೋಗುತ್ತದೆ, ಅದರಡಿಯ ಕಂದು ಹೋಗುವುದಿಲ್ಲ.